ಒಂದು ಚಿಕ್ಕ ಸಭೆಯೂ ಮಂಗಳೂರ ಸಮಾಚಾರವೂ

ಸಂಖ್ಯೆಯಲ್ಲಿ ಅಲ್ಪರಾದವರು ತಮ್ಮ ಸುತ್ತಣ ಬಹುಜನರೊಡನೆ ಹೇಗೆ ಮಾತನಾಡಬೇಕು? ಯಾವ ಭಾಷೆಯಲ್ಲಿ, ಯಾವ ಸಾಧನದಿಂದ, ಯಾವ ಮನೋಭಾವದಿಂದ ಮಾತನಾಡಿದರೆ ಊರು ಕಿವಿಗೊಡುತ್ತದೆ? ಗಡಿನಾಡಿನ ಕನ್ನಡಿಗರಾದ ನಮಗೆ ಇದು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ, ದಿನನಿತ್ಯದ ಪ್ರಶ್ನೆ. ನಾವು ಸಂಘ ಕಟ್ಟಿದ್ದೇವೆ, ಪತ್ರಿಕೆ ಹೊರಡಿಸುತ್ತಿದ್ದೇವೆ, ರಾಜ್ಯೋತ್ಸವವನ್ನೂ ಆಚರಿಸುತ್ತೇವೆ. ಆದರೆ ನಮ್ಮ ಮಾತು ನಮ್ಮ ಅಂಗಳವನ್ನು ದಾಟಿ ಬೀದಿಗೆ ಇಳಿದಿದೆಯೆ ಎಂದು ಕೇಳಿದರೆ ಉತ್ತರ ಹೇಳಲು ಸಂಕೋಚವಾಗುತ್ತದೆ.

ಕಳೆದ ಜುಲೈ 1ರಂದು ನಾವು ನಮ್ಮ ಐದನೆಯ ತರಗತಿಯ ಮಕ್ಕಳಿಗೆ ಕನ್ನಡದ ಮೊದಲ ವರ್ತಮಾನಪತ್ರಿಕೆಯಾದ 'ಮಂಗಳೂರ ಸಮಾಚಾರ'ದ ಕಥೆಯನ್ನು ಹೇಳುತ್ತಿದ್ದೆವು. ಅದನ್ನು ಹೊರಡಿಸಿದವರು ಜರ್ಮನಿಯಿಂದ ಬಂದ ಒಬ್ಬ ಪಾದ್ರಿ ಎಂದು ಕೇಳಿದೊಡನೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಮಾಷ್ಟ್ರೇ, ಅವರ ಮನೆಮಾತು ಕನ್ನಡ ಅಲ್ಲವಲ್ಲ, ಮತ್ತೆ ಯಾಕೆ ಕನ್ನಡದಲ್ಲಿ ಬರೆದರು?" ಎಂದು ಕೇಳಿದಳು. ಆ ದಿನ ನಾವು ಕೊಟ್ಟ ಉತ್ತರ ಸಾಕಾಗಿರಲಿಲ್ಲ. ಅದನ್ನು ಪೂರ್ಣಗೊಳಿಸುವ ಪ್ರಯತ್ನವೇ ಈ ಲೇಖನ.

1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನದು ನವೀಕರಣಗೊಂಡಾಗ, ಇಂಗ್ಲಿಷರಲ್ಲದ ಮಿಶನರಿಗಳಿಗೂ ಈ ದೇಶದಲ್ಲಿ ನೆಲೆಸಲು ಅವಕಾಶ ದೊರೆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾಗಿದ್ದ ಮಿಶನ್ ಸಂಸ್ಥೆಯು ಮೂವರನ್ನು ಇತ್ತ ಕಳುಹಿಸಿತು. ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಈ ಮೂವರು ಮೊದಲು ಕಲ್ಲಿಕೋಟೆಯಲ್ಲಿ ಇಳಿದು, 1834ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮಂಗಳೂರನ್ನು ಸೇರಿದರು. ಆಗ ಕಾರವಾರದಿಂದ ನಮ್ಮ ಕಾಸರಗೋಡು ಸೀಮೆಯವರೆಗಿನ ಕರಾವಳಿಯೆಲ್ಲ ಮದರಾಸು ಆಧಿಪತ್ಯದ ಒಂದೇ ಕನ್ನಡ ಜಿಲ್ಲೆಯಾಗಿತ್ತು. ನಮ್ಮ ಸೀಮೆಗೆ ಬೇಕಲ ತಾಲೂಕು ಎಂದು ಹೆಸರು. ಆದುದರಿಂದ ಮಂಗಳೂರಿನ ಈ ಕಥೆಯು ನಮ್ಮ ನೆರೆಯ ಕಥೆ ಮಾತ್ರವಲ್ಲ, ನಮ್ಮ ಹಳೆಯ ಜಿಲ್ಲೆಯ ಕಥೆಯೂ ಹೌದು.

ಮೂವರು ಪರದೇಶಿಗಳು, ಇವರ ಹಿಂದೆ ಸೈನ್ಯವಿಲ್ಲ, ಸರಕಾರದ ಅಧಿಕಾರವಿಲ್ಲ. ಊರಿನಲ್ಲಿ ಕೊಂಕಣಿಯನ್ನಾಡುವ ರೋಮನ್ ಕ್ಯಾಥೋಲಿಕ್ ಕ್ರೈಸ್ತರು ಬಹುಕಾಲದಿಂದ ಇದ್ದರು. ಆದರೆ ಈ ಹೊಸಬರ ಸಭೆ ಬೇರೆ, ಆರಾಧನೆಯ ಕ್ರಮ ಬೇರೆ. ಅದಲ್ಲದೆ ಕಾಲವೂ ಅನುಕೂಲವಾಗಿರಲಿಲ್ಲ. 1834ರಲ್ಲಿಯೇ ಕೊಡಗು ಕಂಪೆನಿಯ ವಶವಾಗಿತ್ತು. 1837ರ ಏಪ್ರಿಲಿನಲ್ಲಿ ಕಲ್ಯಾಣಪ್ಪನ ಕಾಟಕಾಯಿ ಎಂದು ಜನ ಕರೆಯುವ ದಂಗೆಯೆದ್ದು, ರೈತರ ದಂಡು ಸುಳ್ಯ ಪುತ್ತೂರುಗಳ ಕಡೆಯಿಂದ ಇಳಿದು ಬಂದು ಮಂಗಳೂರನ್ನೇ ಕೆಲವು ದಿನ ಹಿಡಿದಿತ್ತು. ಬಿಳಿಯ ಮುಖವನ್ನು ಕಂಡರೆ ಕರ ವಸೂಲಿಯ ನೆನಪಾಗುತ್ತಿದ್ದ ಜನರ ಬಳಿಗೆ ಹೋಗಿ ಹೊಸ ಮಾತನ್ನು ಹೇಳುವುದು ಸುಲಭವಾಗಿರಲಾರದು. ಮೊದಲ ವರ್ಷಗಳಲ್ಲಿ ಅವರ ಸಭೆಗೆ ಸೇರಿದವರು ಬೆರಳೆಣಿಕೆಯ ಮಂದಿ.

ಇಂಥ ಸ್ಥಿತಿಯಲ್ಲಿ ಅವರು ಹಿಡಿದ ಮೊದಲ ದಾರಿ ಭಾಷೆಯದು. ಮಂಗಳೂರು ಅಂದಿಗೂ ಇಂದಿಗೂ ಅನೇಕ ನುಡಿಗಳ ಪಟ್ಟಣ. ಗದ್ದೆಯಲ್ಲಿ, ಸಂತೆಯಲ್ಲಿ, ಕೋಲದ ಅಂಗಳದಲ್ಲಿ ತುಳು. ಅಂಗಡಿ ಬೀದಿಯಲ್ಲಿ ಕೊಂಕಣಿ. ಬಂದರಿನಲ್ಲಿ ಬ್ಯಾರಿ ಭಾಷೆ ಮತ್ತು ಮಲಯಾಳ. ಕಚೇರಿಯ ಕಾಗದಕ್ಕೂ ಶಾಲೆಯ ಓದಿಗೂ ಬಹುಮಟ್ಟಿಗೆ ಕನ್ನಡ. ಮೂವರಲ್ಲಿ ಹಿರಿಯರಾದ ಹೆಬಿಕ್ಕರು ಬಹುಶಃ ಎಲ್ಲರಿಗಿಂತ ಹೆಚ್ಚು ಉತ್ಸಾಹಿಗಳು. ಆದರೆ ಅವರು ಹೆಚ್ಚಾಗಿ ದುಭಾಷಿಯ ಬಾಯಿಂದಲೇ ಮಾತನಾಡಿಸುತ್ತಿದ್ದರು. ಗ್ರೈನರ್ ಅವರ ಮಾರ್ಗ ಬೇರೆ. ಅವರು ತುಳುವನ್ನು ಕಲಿತರು. ಬರಹದ ರೂಢಿ ವಿರಳವಾಗಿದ್ದ ಆ ನುಡಿಯನ್ನು ಕನ್ನಡ ಅಕ್ಷರಗಳಲ್ಲಿ ಬರೆದು, ಮತ್ತಾಯನ ಸುವಾರ್ತೆಯನ್ನು ತುಳುವಿಗೆ ತಿರುಗಿಸಿದರು. 1842ರಲ್ಲಿ ಅದು ಅಚ್ಚಾಯಿತು; 1847ರ ಹೊತ್ತಿಗೆ ಹೊಸ ಒಡಂಬಡಿಕೆಯಷ್ಟೂ ತುಳುವಿನಲ್ಲಿ ಸಿದ್ಧವಾಗಿತ್ತು. ತುಳುವಿನ ಮಾತಿಗೆ ಕನ್ನಡದ ಲಿಪಿಯನ್ನು ತೊಡಿಸಿದ ಈ ಕ್ರಮವು ಮುಂದೆ ತುಳು ಸಾಹಿತ್ಯಕ್ಕೆಲ್ಲ ರೂಢಿಯ ದಾರಿಯಾಯಿತೆಂಬುದು ಗಮನಿಸತಕ್ಕ ಸಂಗತಿ.

ಎರಡನೆಯ ದಾರಿ ಶಾಲೆಯದು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಎಂಬ ಇಪ್ಪತ್ತೈದು ವರ್ಷದ ತರುಣರು ಬಂದು ಸೇರಿದರು. ಅವರು ವುರ್ಟೆಂಬರ್ಗಿನ ಬ್ರಾಕನ್‌ಹೈಮ್ ಎಂಬಲ್ಲಿ 1811ರಲ್ಲಿ ಜನಿಸಿ, ಟ್ಯೂಬಿಂಗನ್ ವಿದ್ಯಾಪೀಠದಲ್ಲಿ ಓದಿದವರು. ಕನ್ನಡ ಶಾಲೆಯೂ, 1838ರಲ್ಲಿ ಇಂಗ್ಲಿಷ್ ಶಾಲೆಯೂ ನಡೆದುವು. ಊರಿನ ಗೃಹಸ್ಥರು ಪಾದ್ರಿಗಳ ಪ್ರಾರ್ಥನಾಮಂದಿರಕ್ಕೆ ಬಾರದಿದ್ದರೂ ತಮ್ಮ ಮಕ್ಕಳನ್ನು ಅವರ ಶಾಲೆಗೆ ಕಳುಹಿಸಿದರು. ಹೀಗೆ ಸಭೆಗೂ ಊರಿಗೂ ನಡುವೆ ಒಂದು ಸೇತುವೆಯಾಯಿತು.

ಮೂರನೆಯದು ಮುದ್ರಣ. ಕನ್ನಡದ ಪುಸ್ತಕಗಳನ್ನು ಅಚ್ಚು ಹಾಕಿಸಬೇಕಾದರೆ ಆಗ ದೂರದ ಊರುಗಳನ್ನು ಆಶ್ರಯಿಸಬೇಕಾಗಿತ್ತು. ಕನ್ನಡ ಅಚ್ಚುಮೊಳೆಗಳು ದುರ್ಲಭ. ಒತ್ತಕ್ಷರಗಳ ಕಷ್ಟವಂತೂ ಹೇಳತೀರದು. ವೈಗ್ಲೆ ಎಂಬ ಮತ್ತೊಬ್ಬ ಪಾದ್ರಿಗಳು ಮುಂಬಯಿಗೆ ಹೋಗಿ ವಿಚಾರಿಸಿ, ಕಲ್ಲಚ್ಚಿನ ಯಂತ್ರವನ್ನು ತರುವ ಏರ್ಪಾಡು ಮಾಡಿದರು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಕೂಟವು ಪ್ರಾರಂಭವಾಯಿತು.

ಕಲ್ಲಚ್ಚು ಎಂದರೇನೆಂದು ನಮ್ಮ ವಿದ್ಯಾರ್ಥಿಗಳು ಕೇಳಬಹುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರ್ ಎಂಬವರು ಕಂಡುಹಿಡಿದ ಉಪಾಯವಿದು. ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ನಯವಾಗಿ ಅರೆದ ಸುಣ್ಣಕಲ್ಲಿನ ಮೇಲೆ ಇಳಿಸುತ್ತಾರೆ. ಬಳಿಕ ಕಲ್ಲಿಗೆ ನೀರು ಸವರಿದರೆ, ಬರಹವಿಲ್ಲದ ಭಾಗ ಮಾತ್ರ ನೀರನ್ನು ಹಿಡಿಯುತ್ತದೆ. ಜಿಡ್ಡಿನ ಅಕ್ಷರಗಳು ನೀರನ್ನು ದೂರವಿಡುತ್ತವೆ. ಆಮೇಲೆ ಎಣ್ಣೆಯ ಮಸಿಯನ್ನು ಉರುಳಿಸಿದರೆ ಅದು ಅಕ್ಷರಕ್ಕೆ ಮಾತ್ರ ಅಂಟುತ್ತದೆ. ಎಣ್ಣೆಗೂ ನೀರಿಗೂ ಇರುವ ವೈರವೇ ಈ ವಿದ್ಯೆಯ ಮೂಲ. ಅಚ್ಚುಮೊಳೆ ಬೇಡ, ಒಳ್ಳೆಯ ಕೈಬರಹವೊಂದಿದ್ದರೆ ಸಾಕು. ಕನ್ನಡದ ದುಂಡಕ್ಷರವೂ ಒತ್ತಕ್ಷರವೂ ಲಿಪಿಕಾರನ ಕೈಯಿಂದ ಬಂದಂತೆಯೇ ಕಾಗದಕ್ಕೆ ಬರುತ್ತವೆ. ಈಗ ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯನ್ನು ನಾವು ಮೇಣದ ಹಾಳೆಯ ಮೇಲೆ ಲೋಹದ ಮೊನೆಯಿಂದ ಕೊರೆದು ಮಸಿಯುರುಳಿ ತೆಗೆದಿದ್ದೇವಷ್ಟೆ. ವಿಧಾನ ಬೇರೆಯಾದರೂ ಬಡವರ ಮುದ್ರಣವೆಂಬ ದೃಷ್ಟಿಯಿಂದ ಕಲ್ಲಚ್ಚು ನಮ್ಮ ಸೈಕ್ಲೊಸ್ಟೈಲಿಗೆ ಹಿರಿಯಕ್ಕನಂತೆ.

ಈ ಕಲ್ಲಿನ ಮೇಲಿನಿಂದಲೇ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಟಿತು. ಪಕ್ಷಕ್ಕೊಂದು ಸಂಚಿಕೆ, ಬೆಲೆ ಒಂದು ದುಡ್ಡು. ಸಂಪಾದಕರು ಮೋಗ್ಲಿಂಗರು.

ಈ ಪತ್ರಿಕೆಯ ಒಳಗೇನಿತ್ತು ಎಂಬುದೇ ನಮಗೆ ಮುಖ್ಯವಾದ ವಿಷಯ. ಒಂದು ಮಿಶನಿನ ಪತ್ರಿಕೆ ಎಂದಮೇಲೆ ಆದಿಯಿಂದ ಅಂತ್ಯದವರೆಗೆ ಮತಬೋಧೆಯೇ ತುಂಬಿರಬಹುದೆಂದು ಯಾರೂ ಊಹಿಸಬಹುದು. ಹಾಗಿರಲಿಲ್ಲ. ಊರಿನ ವರ್ತಮಾನವಿತ್ತು, ಸರಕಾರದ ನಿರೂಪಗಳಿದ್ದುವು, ಬೇರೆ ಬೇರೆ ರಾಜ್ಯಗಳ ಸುದ್ದಿಯಿತ್ತು, ಆಶ್ಚರ್ಯಕರವಾದ ಹೊಸ ಸಂಗತಿಗಳು, ನೀತಿಯ ಮಾತುಗಳು, ಕಥೆಗಳು ಇದ್ದುವು. ಎಲ್ಲಕ್ಕಿಂತ ಹೆಚ್ಚಾಗಿ ಪುರಂದರದಾಸರ ಪದಗಳೂ ಅದರಲ್ಲಿ ಅಚ್ಚಾದುವು. ಕ್ರೈಸ್ತ ಪಾದ್ರಿಯೊಬ್ಬನು ತಾನು ನಡೆಸುವ ಪತ್ರಿಕೆಯಲ್ಲಿ ಹರಿದಾಸರ ಪದಕ್ಕೆ ಎಡೆಗೊಟ್ಟನೆಂದರೆ, ಓದುವವರು ಯಾರು, ಅವರಿಗೆ ಪ್ರಿಯವಾದುದು ಯಾವುದು ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದನೆಂದೇ ಅರ್ಥ.

ಆ ಕಾಲದಲ್ಲಿ ಸರಕಾರದ ಆಜ್ಞೆಗಳು ಜನಸಾಮಾನ್ಯರಿಗೆ ತಲುಪುತ್ತಿದ್ದುದು ಶಾನುಭೋಗರ ಬಾಯಿಂದ, ಡಂಗುರದವನ ಬಾಯಿಂದ. ಬಾಯಿಂದ ಬಾಯಿಗೆ ಬರುವಾಗ ಮಾತು ಬೆಳೆಯುತ್ತದೆ, ಇಲ್ಲವೆ ಬಾಡುತ್ತದೆ. ಒಂದು ದುಡ್ಡು ಕೊಟ್ಟರೆ ಅದೇ ನಿರೂಪವನ್ನು ತನ್ನ ಕಣ್ಣಿನಿಂದಲೇ ಓದಬಹುದೆಂಬುದು ಸಾಮಾನ್ಯ ಲಾಭವಲ್ಲ. ಓದಬಲ್ಲವನೊಬ್ಬನು ಜಗಲಿಯಲ್ಲಿ ಕುಳಿತರೆ ಓದಲಾರದ ಹತ್ತು ಮಂದಿಗೆ ಅದು ಕೇಳಿಸುತ್ತದೆ. ಪತ್ರಿಕೆಯನ್ನು ಕೊಂಡವನು ಸಭೆಗೆ ಸೇರಬೇಕೆಂಬ ಕರಾರೇನೂ ಇರಲಿಲ್ಲ. ಆದುದರಿಂದಲೇ ಅದು ಸಭೆಯ ಗೋಡೆಯನ್ನು ದಾಟಿ ಊರಿನ ಪತ್ರಿಕೆಯಾಯಿತು.

ಆದರೆ ಈ ಕಥೆಯಲ್ಲಿ ನೆರಳೂ ಇದೆ. ಅದನ್ನು ಮರೆಮಾಡುವುದು ಇತಿಹಾಸವನ್ನು ಕಲಿಸುವವರಿಗೆ ಒಪ್ಪತಕ್ಕದ್ದಲ್ಲ. 1844ರ ಜನವರಿ 6ರಂದು ಇಂಗ್ಲಿಷ್ ಶಾಲೆಯ ವಿದ್ಯಾರ್ಥಿಯಾಗಿದ್ದ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ತರುಣರು ಕ್ರೈಸ್ತ ದೀಕ್ಷೆಯನ್ನು ಪಡೆದರು. ಊರಿನಲ್ಲಿ ಮಹಾ ಕ್ಷೋಭೆಯುಂಟಾಯಿತು. ವಿದ್ಯೆಗಾಗಿ ಕಳುಹಿಸಿದ ಮಗನು ಮನೆತನವನ್ನೇ ಬಿಟ್ಟುಹೋದನೆಂದು ತಾಯ್ತಂದೆಗಳು ಕಳವಳಗೊಂಡುದು ಸಹಜ. ಕೌಂಡಿನ್ಯರು ತಮ್ಮ ಸ್ವಂತ ಬುದ್ಧಿಯಿಂದ ಆರಿಸಿಕೊಂಡ ದಾರಿಯದು. ಮುಂದೆ ಅವರು ಬಾಸೆಲಿನಲ್ಲಿ ವ್ಯಾಸಂಗ ಮಾಡಿ 1851ರಲ್ಲಿ ಸ್ವತಃ ಮಿಶನರಿಯಾಗಿ ಹಿಂದಿರುಗಿದರು. ಅವರ ಆಯ್ಕೆಯನ್ನು ತೂಗುವುದು ನಮ್ಮ ಕೆಲಸವಲ್ಲ. ಆದರೆ ಶಾಲೆಯೆಂಬ ಸೇತುವೆಯ ಮೇಲೆ ಊರಿನವರಿಗಿದ್ದ ನಂಬಿಕೆ ಅಂದು ಅಲುಗಾಡಿತೆಂಬುದು ನಿಜ. ಅಲ್ಲದೆ ಜಾತಿ, ದೇವರು ಮುಂತಾದ ವಿಷಯಗಳನ್ನೆತ್ತಿಕೊಂಡು ಮಿಶನು ಹೊರಡಿಸುತ್ತಿದ್ದ ಕಿರುಪುಸ್ತಕಗಳಲ್ಲಿ ಊರಿನವರ ನಂಬಿಕೆಗಳ ಖಂಡನೆ ಇರುತ್ತಿತ್ತು. ಒಂದೇ ಅಚ್ಚಿನಿಂದ ದಾಸರ ಪದವೂ ಹೊರಟಿತು, ದಾಸರ ದೇವರ ಖಂಡನೆಯೂ ಹೊರಟಿತು. ಊರು ಯಾವುದನ್ನು ನಂಬಬೇಕು?

ಪತ್ರಿಕೆಯ ಆಯುಷ್ಯವೂ ಅಲ್ಪವಾಗಿತ್ತು. 1844ರ ಫೆಬ್ರವರಿ 15ರವರೆಗೆ ಹದಿನಾರು ಸಂಚಿಕೆಗಳು ಬಂದುವು. ಮಾರ್ಚ್ 1ರಿಂದ ಅದು 'ಕನ್ನಡ ಸಮಾಚಾರ' ಎಂಬ ಹೊಸ ಹೆಸರನ್ನು ತಾಳಿ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಕೌಂಡಿನ್ಯರ ಪ್ರಕರಣಕ್ಕೂ ಈ ಸ್ಥಳಾಂತರಕ್ಕೂ ನಾವು ಗಂಟುಹಾಕುವುದಿಲ್ಲ. ಕಲ್ಲಚ್ಚಿನಲ್ಲಿ ಬೇಕಾದಷ್ಟು ಪ್ರತಿಗಳನ್ನು ತೆಗೆಯುವುದು ಕಷ್ಟವೆಂಬುದೇ ಅದಕ್ಕೆ ಕಾರಣ. ಬಳ್ಳಾರಿಯಲ್ಲಿ ಲಂಡನ್ ಮಿಶನಿನವರ ಮೊಳೆಯಚ್ಚಿನ ಕೂಟವಿತ್ತು. 1810ರಲ್ಲಿಯೇ ಅಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬವರು ಬೈಬಲನ್ನು ಕನ್ನಡಕ್ಕೆ ತಂದವರು. ಅದೇ ಮಿಶನಿನ ರೀವ್ ಎಂಬವರು 1824ರಲ್ಲಿಯೂ 1832ರಲ್ಲಿಯೂ ಕನ್ನಡದ ನಿಘಂಟುಗಳನ್ನು ಹೊರಡಿಸಿದವರು. ಇಂದು ಆಂಧ್ರಪ್ರದೇಶದಲ್ಲಿರುವ ಆದವಾನಿ, ರಾಯದುರ್ಗಗಳು ಅಂದು ಬಳ್ಳಾರಿ ಜಿಲ್ಲೆಗೇ ಸೇರಿದ್ದುವು. ಹೀಗೆ ಕನ್ನಡದ ಮೊದಲ ಪತ್ರಿಕೆಯು ಹುಟ್ಟಿದ ಜಿಲ್ಲೆಯ ಒಂದು ಅಂಚು ಇಂದು ಕೇರಳದಲ್ಲಿದೆ, ಬೆಳೆಯಹೋದ ಜಿಲ್ಲೆಯ ಒಂದು ಅಂಚು ಆಂಧ್ರದಲ್ಲಿದೆ. ಗಡಿನಾಡಿನ ನಾವು ಈ ಪತ್ರಿಕೆಯನ್ನು ನಮ್ಮದೆಂದು ಹೇಳಿಕೊಂಡರೆ ಅದು ಅತಿಶಯೋಕ್ತಿಯಾಗಲಾರದು. ಬಳ್ಳಾರಿಯಲ್ಲಿಯೂ ಅದು ಬಹುಕಾಲ ಬಾಳಲಿಲ್ಲ.

ಪತ್ರಿಕೆ ನಿಂತಿತು, ಆದರೆ ಅದು ಹಿಡಿದ ದಾರಿ ನಿಲ್ಲಲಿಲ್ಲ. ಮದರಾಸಿನಲ್ಲಿ ನ್ಯಾಯಾಧೀಶರಾಗಿದ್ದ ಕ್ಯಾಸಮೇಜರ್ ಎಂಬವರ ಧನಸಹಾಯದಿಂದ ಮೋಗ್ಲಿಂಗರು 1848ರಿಂದ ಮುಂದಕ್ಕೆ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯನ್ನು ಕೈಗೊಂಡರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು ಇವೆಲ್ಲ ಓಲೆಗರಿಯಿಂದ ಕಾಗದಕ್ಕೆ ಬಂದುವು. ದಾಸರ ಪದಗಳ ಸಂಗ್ರಹ ಪ್ರಕಟವಾದುದು 1850ರಲ್ಲಿ. ಆ ಪದಗಳು ಅದುವರೆಗೆ ಭಜನೆಯ ಮನೆಗಳಲ್ಲಿಯೂ ದಾಸಯ್ಯನ ತಂಬೂರಿಯಲ್ಲಿಯೂ ಬದುಕಿದ್ದುವು. ಪುಸ್ತಕವಾಗಿ ಅವು ಮೊದಲು ಜನರ ಕೈಸೇರಿದುದು ಒಬ್ಬ ಪಾದ್ರಿಯ ದೆಸೆಯಿಂದ. ಈ ಸೇವೆಯನ್ನು ಮೆಚ್ಚಿ ಟ್ಯೂಬಿಂಗನ್ ವಿದ್ಯಾಪೀಠವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಖಂಡನೆಯ ಕಿರುಪುಸ್ತಕಗಳನ್ನು ಇಂದು ಯಾರೂ ನೆನೆಯುವುದಿಲ್ಲ. ಗ್ರಂಥಮಾಲೆಯನ್ನು ಕನ್ನಡಿಗರು ಮರೆತಿಲ್ಲ. ಇದರಲ್ಲಿಯೇ ಒಂದು ಪಾಠವಿದೆ.

1851ರಲ್ಲಿ ಪ್ಲೆಬ್ಸ್ಟ್ ಎಂಬ ಕುಶಲಿಗರು ಬಾಸೆಲಿನಿಂದ ಹೊಸ ಕನ್ನಡ ಮೊಳೆಗಳೊಂದಿಗೆ ಬಂದ ಮೇಲೆ ಮಂಗಳೂರಿನ ಅಚ್ಚುಕೂಟವು ಪ್ರಬಲವಾಯಿತು. (ಮಂಗಳೂರಿನ ಹಂಚಿಗೆ ಮೂಲಪುರುಷರೂ ಇವರೇ, ಮಿಶನಿನ ಹಂಚಿನ ಕಾರ್ಖಾನೆ 1865ರಲ್ಲಿ ಪ್ರಾರಂಭವಾಯಿತು.) 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರ ಹೆಸರನ್ನು ನಮ್ಮ ಶಾಲೆಯ ಮಕ್ಕಳೆಲ್ಲ ಬಲ್ಲರು. ಆದರೆ 1894ರ ಅವರ ಮಹಾನಿಘಂಟನ್ನು ಹೊಗಳುವ ಭರದಲ್ಲಿ 1862ರ 'ಕಥಾಮಾಲೆ'ಯನ್ನು ನಾವು ಮರೆಯುತ್ತೇವೆ. ಯೇಸುವಿನ ಚರಿತ್ರೆಯನ್ನು ಅವರು ಕನ್ನಡದ ಛಂದಸ್ಸಿನಲ್ಲಿ, ಈ ನಾಡಿನ ರಾಗಗಳಿಗೆ ಹೊಂದುವಂತೆ ಹೆಣೆದರು. ಜರ್ಮನ್ ಧಾಟಿಯ ಕೀರ್ತನೆಗಳನ್ನೇ ಕನ್ನಡಕ್ಕೆ ತಿರುಗಿಸಿ ಹಾಡಿಸುವುದು ಸುಲಭವಾಗಿದ್ದಿತು; ಅದನ್ನು ಬಿಟ್ಟು, ಕೇಳುವವರ ಕಿವಿಗೆ ಪರಿಚಿತವಾದ ಧಾಟಿಯನ್ನು ಅವರು ಹುಡುಕಿದರು. ಮೆನ್ನರ್ ಎಂಬವರು 1886ರಲ್ಲಿ ತುಳು ನಿಘಂಟನ್ನು ಹೊರತಂದರು. ಮುಂದೆ ಪಂಜೆ ಮಂಗೇಶರಾಯರು ಸಂಕಲಿಸಿದ ಕನ್ನಡ ಪದ್ಯಪುಸ್ತಕಗಳು ಈ ಮಿಶನಿನ ಅಚ್ಚಿನಿಂದಲೇ ಶಾಲೆಶಾಲೆಗೆ ಹೋದುವು. ನಮ್ಮ ಅಜ್ಜಂದಿರು ಕುಂಬಳೆ, ಮಂಜೇಶ್ವರಗಳ ಶಾಲೆಗಳಲ್ಲಿ ಬಾಯಿಪಾಠ ಮಾಡಿದ ಪದ್ಯಗಳಲ್ಲಿ ಪಂಜೆಯವರ ಪದ್ಯಗಳು ಎಷ್ಟೋ! 1914ರ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ ಇಲ್ಲಿಂದ ಹೊರಟುಹೋದರು. ಆದರೂ ಊರಿನವರೇ ಆದ ಸಭಿಕರು ಸಭೆಯನ್ನೂ ಶಾಲೆಯನ್ನೂ ಮುಂದುವರಿಸಿದರು.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅವರು ಕನ್ನಡದಲ್ಲಿ ಬರೆದುದು ಏಕೆ? ಕೇಳುವವರ ಭಾಷೆ ಅದಾಗಿದ್ದುದರಿಂದ. ಅವರ ಗುರಿ ತಮ್ಮ ಮತದ ಪ್ರಸಾರವಾಗಿತ್ತು. ಅದನ್ನು ಅವರೆಂದೂ ಮುಚ್ಚಿಡಲಿಲ್ಲ. ಆದರೆ ಗುರಿ ಏನೇ ಇರಲಿ, ಚಿಕ್ಕ ಸಭೆಯೊಂದು ದೊಡ್ಡ ಊರಿನೊಡನೆ ಮಾತನಾಡಬೇಕಾದರೆ ಪಾಲಿಸಬೇಕಾದ ಕೆಲವು ನಿಯಮಗಳು ಅವರ ಗೆಲುವಿನಲ್ಲಿಯೂ ಸೋಲಿನಲ್ಲಿಯೂ ಕಾಣುತ್ತವೆ. ಮೊದಲನೆಯದಾಗಿ, ಕೇಳುವವರ ನುಡಿಯನ್ನು ಕಲಿಯಬೇಕು. ದುಭಾಷಿಯ ಬಾಯಿ ಸಾಲದು. ಎರಡನೆಯದಾಗಿ, ತಮಗೆ ಹೇಳಬೇಕಾದುದಕ್ಕಿಂತ ಮೊದಲು ಊರಿಗೆ ಬೇಕಾದುದನ್ನು ಹೇಳಬೇಕು. ಮೂರನೆಯದಾಗಿ, ಕೈಗೆಟಕುವ ಸಾಧನವನ್ನು ಹಿಡಿಯಬೇಕು; ಮೊಳೆ ಬರುವತನಕ ಕಾದಿದ್ದರೆ ಮಂಗಳೂರಿನಲ್ಲಿ ಪತ್ರಿಕೆ ಹುಟ್ಟುತ್ತಿರಲಿಲ್ಲ. ನಾಲ್ಕನೆಯದಾಗಿ, ನೆರೆಯವರಿಗೆ ಪ್ರಿಯವಾದುದನ್ನು ಆದರದಿಂದ ಕಾಣಬೇಕು. ಆದರವಿದ್ದಲ್ಲಿ ಬಾಗಿಲು ತೆರೆಯಿತು, ಹಳಿದಲ್ಲಿ ಮುಚ್ಚಿತು.

ಈ ನಾಲ್ಕು ಮಾತುಗಳನ್ನು ಬರೆಯುವಾಗ ನಮ್ಮ ಮನಸ್ಸಿಗೆ ಚುಚ್ಚುವ ಒಂದು ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಈಚೆಗೆ ನಮ್ಮ ತರಗತಿಯ ಒಬ್ಬ ಬಾಲಕನ ತಂದೆ, ಕೂಲಿ ಕೆಲಸದವರು, ಶಾಲೆಗೆ ಬಂದರು. ವಿದ್ಯಾರ್ಥಿವೇತನದ ಅರ್ಜಿಯ ದಿನ ಕಳೆದುಹೋಗಿತ್ತು. ಸೂಚನೆಯನ್ನು ಕಚೇರಿಯ ಬಾಗಿಲಲ್ಲಿ ಅಂಟಿಸಿದ್ದರು. ಅದು ಮಲಯಾಳ ಲಿಪಿಯಲ್ಲಿತ್ತು. ಅವರಿಗೆ ಓದಲು ಬಾರದು. "ನಿಮ್ಮ ಸಂಘದ ಪುಸ್ತಕ ಮಗ ಮನೆಗೆ ತರ್ತಾನಲ್ಲ ಮಾಷ್ಟ್ರೇ, ಅದರಲ್ಲಾದರೂ ಹಾಕಬಹುದಿತ್ತು" ಎಂದಷ್ಟೇ ಹೇಳಿ ಹೋದರು. ಆ ತಿಂಗಳ ಸಂಚಿಕೆಯನ್ನು ತೆಗೆದು ನೋಡಿದೆವು. ಕನ್ನಡದ ಹಿರಿಮೆಯನ್ನು ಕುರಿತು ಎರಡು ಕವನಗಳು, ಒಂದು ಭಾಷಣ, ಒಂದು ವಾರ್ಷಿಕ ವರದಿ. ಭಾಷಣ ನಾವೇ ಬರೆದುದು. ಆ ಸೂಚನೆಯನ್ನು ನಾವು ಕಂಡಿದ್ದೆವು, ಓದಿಯೂ ಇದ್ದೆವು. ಅದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕೆಂದು ನಮಗೆ ತೋರಲೇ ಇಲ್ಲ.

ಸರಕಾರದ ನಿರೂಪಗಳನ್ನು 1843ರಲ್ಲಿ ಜರ್ಮನಿಯ ಪಾದ್ರಿಯೊಬ್ಬನು ಕನ್ನಡಿಗರಿಗಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿದನು. ಕನ್ನಡಿಗರೇ ಆದ ನಾವು ಅಷ್ಟನ್ನೂ ಮಾಡಲಿಲ್ಲ.

ಆದುದರಿಂದ ಮುಂದಿನ ಸಂಚಿಕೆಯಿಂದ ನಮ್ಮ ಪತ್ರಿಕೆಯ ಮೊದಲ ಪುಟವನ್ನು 'ಊರ ವರ್ತಮಾನ'ಕ್ಕಾಗಿ ಮೀಸಲಿಡಬೇಕೆಂದು ಸಂಘದ ಹಿರಿಯರಲ್ಲಿ ನಾವು ವಿನಂತಿಸುತ್ತೇವೆ. ಅರ್ಜಿಯ ದಿನಗಳು, ಪಂಚಾಯತಿನ ಸೂಚನೆಗಳು, ಆಸ್ಪತ್ರೆಯ ವೇಳೆ, ಶಾಲಾ ಪ್ರವೇಶದ ವಿವರ ಇವುಗಳನ್ನು ತಿಳಿಗನ್ನಡದಲ್ಲಿ ಬರೆಯುವ ಹೊಣೆಯನ್ನು ನಮ್ಮ ಶಾಲೆ ವಹಿಸಿಕೊಳ್ಳಲು ಸಿದ್ಧವಿದೆ. ಏಳನೆಯ ತರಗತಿಯಲ್ಲಿ ಮಲಯಾಳವನ್ನೂ ಚೆನ್ನಾಗಿ ಓದಬಲ್ಲ ಮಕ್ಕಳಿದ್ದಾರೆ. ಅವರು ತಿರುಗಿಸಲಿ, ನಾವು ತಿದ್ದುವೆವು. ಮತ್ತೊಂದು ಪುಟದಲ್ಲಿ ನೆರೆಯ ಮಲಯಾಳಿಗಳ ಒಂದು ಹಾಡೋ ಕಥೆಯೋ ಕನ್ನಡದಲ್ಲಿ ಬರಲಿ. ತುಳುವಿನ ಒಂದು ಗಾದೆಯೂ ಬರಲಿ. ಅವರ ಅಂಗಳದ ಹೂವನ್ನು ನಾವು ಮುಡಿದರೆ ಅವರೂ ನಮ್ಮ ಅಂಗಳವನ್ನು ಒಮ್ಮೆ ಇಣಿಕಿ ನೋಡುವರು.

ಹಿಂದಿನ ಸಾಲಿನ ಆ ಹುಡುಗಿಗೆ ಈ ಲೇಖನದ ಪ್ರತಿಯನ್ನು ಮೊದಲು ಕೊಡಬೇಕೆಂದಿದ್ದೇವೆ. ಊರ ವರ್ತಮಾನದ ಮೊದಲ ಸೂಚನೆಯನ್ನು ಮೇಣದ ಹಾಳೆಯ ಮೇಲೆ ಕೊರೆಯುವ ಕೆಲಸವೂ ಅವಳದೇ. ಅವಳ ಕೈಬರಹ ದುಂಡಗಿದೆ.